ಟ್ರೆಡ್‌ಮಿಲ್‌ನಿಂದ ಕೆಳಗಿಳಿದ ಕಥೆ

ಮೊದಲ ಮೂರು ವಾರ ನಾನು ಜಿಮ್‌ನಲ್ಲಿ ಮಾಡಿದ್ದು ಒಂದೇ ಕೆಲಸ, ಟ್ರೆಡ್‌ಮಿಲ್ ಮೇಲೆ ನಡೆದಿದ್ದು. ನಡೆಯೋದಕ್ಕೆ ದುಡ್ಡು ಕಟ್ಟಬೇಕಾ? ನಮ್ಮ ಮನೆಯಿಂದ ಕುಕ್ಕರಹಳ್ಳಿ ಕೆರೆ ಹತ್ತು ನಿಮಿಷದ ದಾರಿ. ಆದರೆ ಟ್ರೆಡ್‌ಮಿಲ್‌ನಲ್ಲಿ ಒಂದು ಅನುಕೂಲ ಇತ್ತು. ಹತ್ತಿ ಬಟನ್ ಒತ್ತಿದರೆ ಮುಗಿಯಿತು, ಬೇರೇನೂ ಗೊತ್ತಿರಬೇಕಿಲ್ಲ. ಮುಖ ಕಿಟಕಿ ಕಡೆಗೆ, ಬೆನ್ನು ಜನರ ಕಡೆಗೆ. ನಲವತ್ತು ನಿಮಿಷ ಹಾಗೇ ಅಡಗಿಕೊಂಡಿದ್ದು ಮನೆಗೆ ಬರುತ್ತಿದ್ದೆ.

ನನಗೆ 44 ವರ್ಷ. ಆಗ ತೂಕ 88 ಕೆಜಿ, ಅದರಲ್ಲಿ ದೊಡ್ಡ ಪಾಲು ಹೊಟ್ಟೆಯದ್ದೇ. ಮೈಸೂರಿನಲ್ಲಿ ಅಕೌಂಟ್ಸ್ ಬರೆಯುವ ಕೆಲಸ, ದಿನಕ್ಕೆ ಒಂಬತ್ತು ಗಂಟೆ ಕುರ್ಚಿ. ಜನವರಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ 6.2 ಬಂತು. ಅದು ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಲೆಕ್ಕ. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲ ಮೇಲೆ ನಿಂತ ಹಾಗೆ. ಡಾಕ್ಟರು ಹೇಳಿದರು, ‘ನಡೀತಾ ಇರಿ, ಆದ್ರೆ ಅಷ್ಟೇ ಸಾಲಲ್ಲ. ವಾರಕ್ಕೆ ಎರಡು ದಿನ ಆದ್ರೂ ಭಾರ ಎತ್ತಿ. ಊಟ ಮಾಡಿದ ಸಕ್ಕರೆ ಹೋಗಿ ಸೇರೋದು ಜಾಸ್ತಿ ಮಾಂಸಖಂಡಕ್ಕೇ.’ ಅವರು ಸುಲಭವಾಗಿ ಹೇಳಿಬಿಟ್ಟರು. ಎತ್ತಬೇಕಾದರೆ ಟ್ರೆಡ್‌ಮಿಲ್‌ನಿಂದ ಇಳಿದು ಆ ಕಡೆ ಹೋಗಬೇಕಲ್ಲ!

ಆ ಕಡೆ ಅಂದರೆ ಕನ್ನಡಿ ಗೋಡೆಯ ಕಡೆ. ನಾನು ಸೇರಿದ ಜಿಮ್ ಒಂದು ದಿನಸಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಒಳಗೆ ಹೋದರೆ ಬಾಗಿಲ ಮೇಲೆ ಆಂಜನೇಯನ ಫೋಟೋ, ಊದುಬತ್ತಿಯ ವಾಸನೆ, ಅದರ ಹಿಂದೆಯೇ ರಬ್ಬರ್ ಮ್ಯಾಟ್ ಮತ್ತು ಬೆವರಿನ ವಾಸನೆ. ಸಂಜೆ ಆರರ ಮೇಲೆ ಹತ್ತು ಹದಿನೈದು ಹುಡುಗರು. ನನ್ನ ತೊಡೆಯಷ್ಟು ದಪ್ಪ ತೋಳು. ಆ ಕಡೆ ಹೋದ ಮೊದಲ ದಿನ ಧೈರ್ಯ ಮಾಡಿ 5 ಕೆಜಿಯ ಡಂಬೆಲ್ ಎತ್ತಿಕೊಂಡೆ. ಪಕ್ಕದವನು 30ರ ಜೋಡಿ ಎತ್ತಿಕೊಂಡ. ನಾನು 5ನ್ನು ಜಾಗಕ್ಕಿಟ್ಟು ನೀರು ಕುಡಿಯಲು ಹೋದೆ. ಆ ಒಂದು ಗಂಟೆಯಲ್ಲಿ ನಾಲ್ಕು ಸಲ ನೀರು ಕುಡಿದಿದ್ದೆ, ಬಾಯಾರಿಕೆ ಒಂದು ಸಲವೂ ಆಗಿರಲಿಲ್ಲ.

‘ಯಾರೂ ನಿನ್ನ ನೋಡಲ್ಲ ಮಾರಾಯ, ಸುಮ್ನೆ ಹೋಗು’ ಅಂತ ಗೆಳೆಯರು ಹೇಳುತ್ತಾರೆ. ಈ ಮಾತು ನನಗೆ ಒಂದು ದಿನವೂ ಉಪಯೋಗಕ್ಕೆ ಬರಲಿಲ್ಲ, ಯಾಕೆಂದರೆ ಅದು ನಿಜ ಅಲ್ಲ. ನೋಡುತ್ತಾರೆ. ಹಳ್ಳಿ ಬಸ್ಸಿಗೆ ಹೊಸಬರು ಹತ್ತಿದರೆ ಒಳಗಿದ್ದವರೆಲ್ಲ ಒಂದು ಸಲ ಕತ್ತೆತ್ತಿ ನೋಡುತ್ತಾರಲ್ಲ, ಹಾಗೆ. ಸೀಟು ಹಿಡಿದು ಕೂತರೆ ಅಲ್ಲಿಗೆ ಮುಗಿಯಿತು. ಎಲ್ಲಿ ಕೂರಬೇಕೋ ತಿಳಿಯದೆ ನಡುವೆ ನಿಂತು ಒದ್ದಾಡಿದರೆ ಮತ್ತೆ ಮತ್ತೆ ನೋಡುತ್ತಾರೆ. ಭಾರ ಎತ್ತುವವರು ಒಂದು ಸೆಟ್, ಅಂದರೆ ನಿಲ್ಲಿಸದೆ ಎತ್ತುವ ಒಂದು ಸುತ್ತು, ಮುಗಿಸಿ ಎರಡು ಮೂರು ನಿಮಿಷ ಸುಧಾರಿಸಿಕೊಳ್ಳುತ್ತಾರೆ. ಆಗ ಕಣ್ಣು ಎಲ್ಲಾದರೂ ಇರಲೇಬೇಕು. ಈಗ ನಾನೂ ಹಾಗೇ ಕೂತು ಯಾರನ್ನೋ ನೋಡುತ್ತಿರುತ್ತೇನೆ. ಮನೆಗೆ ಬಂದ ಮೇಲೆ ಯಾರನ್ನು ನೋಡಿದೆ ಅಂತ ಕೇಳಿದರೆ ಹೇಳೋಕಾಗಲ್ಲ.

ನನ್ನ ತೊಂದರೆ ಹೊಟ್ಟೆಯೂ ಅಲ್ಲ, 5 ಕೆಜಿಯೂ ಅಲ್ಲ ಅಂತ ಗೊತ್ತಾಗಿದ್ದು ಒಂದು ಎಡವಟ್ಟಿನ ದಿನ.

ಮಾರ್ಚ್‌ನ ಒಂದು ಸೋಮವಾರ. ಯೂಟ್ಯೂಬ್ ನೋಡಿ ಸ್ಕ್ವಾಟ್ ಮಾಡೋದು ಅಂತ ತೀರ್ಮಾನಿಸಿಕೊಂಡು ಹೋಗಿದ್ದೆ. ಸ್ಕ್ವಾಟ್ ಅಂದರೆ ಬಸ್ಕಿ. ಹೋಂವರ್ಕ್ ಮಾಡದೇ ಇದ್ದಾಗ ಮೇಷ್ಟ್ರು ಕಿವಿ ಹಿಡಿಸಿ ಹೊಡೆಸುತ್ತಿದ್ದ ಅದೇ ಬಸ್ಕಿ, ಈಗ ಹೆಗಲ ಮೇಲೆ ರಾಡು ಇಟ್ಟುಕೊಂಡು, ಅದಕ್ಕೆ ನಾವೇ ಫೀಸ್ ಕಟ್ಟಿ. ಸೋಮವಾರ ಎಲ್ಲರದ್ದೂ ಎದೆಯ ವ್ಯಾಯಾಮ, ಮಲಗಿ ಭಾರ ಎತ್ತುವ ಬೆಂಚ್‌ಗೆ ಕ್ಯೂ ಇರುತ್ತದೆ. ಸ್ಕ್ವಾಟ್ ಸ್ಟ್ಯಾಂಡ್ ಖಾಲಿ ಇತ್ತು. ಆದರೆ ಯಾರೋ ರಾಡಿನ ಎರಡೂ ಕಡೆ ಐವತ್ತೈವತ್ತು ಕೆಜಿ ಹಾಗೇ ಬಿಟ್ಟು ಹೋಗಿದ್ದರು. ಒಂದೊಂದು ಕಡೆಗೂ 20 ಕೆಜಿಯ ದುಂಡು ಪ್ಲೇಟು ಎರಡು, 10ರದ್ದು ಒಂದು. ನನಗೆ ಬೇಕಾಗಿದ್ದು ಬರೀ ರಾಡು.

‘ಇದು ಯಾರದ್ದು? ತೆಗೀಬಹುದಾ?’ ಅಂತ ಕೇಳಿದ್ದರೆ ಮುಗಿದುಹೋಗುತ್ತಿತ್ತು. ಕೇಳೋಕೆ ನಾಚಿಕೆ. ಯಾರ ಗಮನಕ್ಕೂ ಬಾರದ ಹಾಗೆ ಸದ್ದಿಲ್ಲದೆ ತೆಗೆಯೋಣ ಅಂತ ಬಲಗಡೆಯಿಂದ ಶುರು ಮಾಡಿದೆ. 10 ತೆಗೆದು ಕೆಳಗಿಟ್ಟೆ. ಒಂದು 20 ತೆಗೆದೆ. ಇನ್ನೊಂದು 20 ಎಳೆದೆ, ಕೈಗೆ ಬಂತು. ಅಷ್ಟೇ. ರಾಡು ಎರಡು ಕಂಬದ ಮೇಲೆ ಸುಮ್ಮನೆ ಕೂತಿರುತ್ತದೆ, ಯಾವುದಕ್ಕೂ ಕಟ್ಟಿರುವುದಿಲ್ಲ. ಒಂದು ಕಡೆ ಖಾಲಿ, ಇನ್ನೊಂದು ಕಡೆ 50 ಕೆಜಿ. ತಕ್ಕಡಿ! ಎಡಗಡೆ ಧಡಾರ್ ಅಂತ ನೆಲಕ್ಕೆ ಇಳಿಯಿತು, ಬಲಗಡೆಯ ತುದಿ ನನ್ನ ಗಲ್ಲದ ಪಕ್ಕದಿಂದ ಮೇಲೆ ಹಾರಿತು. ಪ್ಲೇಟುಗಳು ಒಂದೊಂದಾಗಿ ಜಾರಿ ಬಿದ್ದವು, ಒಂದು ಉರುಳಿಕೊಂಡು ಹೋಗಿ ಕನ್ನಡಿಯ ಬುಡದಲ್ಲಿ ಗಿರಗಿರ ಸುತ್ತಿ ಮಲಗಿತು. ಸ್ಪೀಕರಿನ ಹಾಡು ಒಂದು ಬಿಟ್ಟರೆ ಬೇರೆ ಸದ್ದಿಲ್ಲ. ಹದಿನೈದು ಜನರೂ ನನ್ನನ್ನೇ ನೋಡುತ್ತಿದ್ದರು. ಯಾರ ಕಣ್ಣಿಗೂ ಬೀಳಬಾರದು ಅಂತ ಮಾಡಿದ ಕೆಲಸ ಇದು.

ಜಿಮ್‌ನಲ್ಲಿ ಎಲ್ಲರಿಗಿಂತ ದೊಡ್ಡ ಮೈಯ ಹುಡುಗ ಎದ್ದು ಬಂದ. ಬೈಗುಳಕ್ಕೆ ಸಿದ್ಧನಾದೆ. ಅವನು ಮೊದಲು ಕೇಳಿದ್ದು, ‘ಪೆಟ್ಟಾಯ್ತಾ ಸಾರ್?’ ಅಂತ. ಆಮೇಲೆ ಹೇಳಿದ, ‘ಈ ಕಡೆಯಿಂದ ಒಂದು ತೆಗೆದ್ರೆ ಆ ಕಡೆಯಿಂದ ಒಂದು ತೆಗೀಬೇಕು. ನಾನೂ ಬೀಳ್ಸಿದೀನಿ, ಬಿಡಿ. ಬಿಟ್ಟು ಹೋದೋನ್ದು ತಪ್ಪು.’ ಇಬ್ಬರೂ ಸೇರಿ ಪ್ಲೇಟುಗಳನ್ನು ಜೋಡಿಸಿದೆವು. ಅವನು ವಾಪಸ್ ಹೊರಟಾಗ ನಾನೇ ತಡೆದು ಕೇಳಿದೆ, ‘ಬೇರೆ ಇನ್ನೇನಪ್ಪಾ ಗೊತ್ತಿರ್ಬೇಕು ಇಲ್ಲಿ?’

ಈ ಪ್ರಶ್ನೆಯನ್ನು ಮೊದಲ ದಿನವೇ ಕೇಳಬೇಕಿತ್ತು. ಹೊಸ ಊರಿನ ದೇವಸ್ಥಾನಕ್ಕೆ ಹೋದರೆ ಚಪ್ಪಲಿ ಎಲ್ಲಿ ಬಿಡಬೇಕು, ಅಂಗಿ ತೆಗೀಬೇಕಾ, ತೀರ್ಥ ಎಲ್ಲಿ ಕೊಡ್ತಾರೆ ಅಂತ ತಿಳಿಯದೆ ಮುಜುಗರ ಆಗುತ್ತಲ್ಲ, ನನ್ನದೂ ಅದೇ. ಅಲ್ಲಿನ ರೀತಿ ಗೊತ್ತಿರಲಿಲ್ಲ. ಅವನು ಹೇಳಿದ್ದೆಲ್ಲ ಐದು ನಿಮಿಷದ ಮಾತು. ಮಿಷಿನ್ ಮೇಲೆ ಯಾರಾದರೂ ಇದ್ದರೆ ‘ಇನ್ನೆಷ್ಟು ಸೆಟ್ ಇದೆ?’ ಅಂತ ಕೇಳಬೇಕು. ಜಾಸ್ತಿ ಇದ್ದರೆ ‘ಮಧ್ಯ ಮಧ್ಯ ನಾನೂ ಮಾಡ್ಲಾ?’ ಅನ್ನಬಹುದು, ಯಾರೂ ಬೇಡ ಅನ್ನಲ್ಲ. ಎತ್ತುತ್ತಿರುವವರಿಗೂ ಕನ್ನಡಿಗೂ ನಡುವೆ ನಿಲ್ಲಬಾರದು. ಸೆಟ್ ನಡೆಯುವಾಗ ಮಾತಾಡಿಸಬಾರದು. ಬೆಂಚ್ ಮೇಲೆ ಟವೆಲ್ ಹಾಸಿಕೊಳ್ಳಬೇಕು. ಎತ್ತೋಕೆ ಆಗುತ್ತೋ ಇಲ್ವೋ ಅನ್ನಿಸಿದರೆ ಪಕ್ಕದವರಿಗೆ ‘ಸ್ವಲ್ಪ ಸಪೋರ್ಟ್ ಕೊಡ್ತೀರಾ?’ ಅನ್ನಬೇಕು. ಈ ಕೊನೆಯ ಮಾತು ನನ್ನ ಬಾಯಿಂದ ಹೊರಡಲು ಇನ್ನೂ ಒಂದು ತಿಂಗಳು ಹಿಡಿಯಿತು. ಕೇಳಿದ ದಿನ, ಮಾತು ಮುಗಿಯೋದರೊಳಗೆ ಇಬ್ಬರು ಬಂದು ನಿಂತಿದ್ದರು.

ಇಲ್ಲಿ ನನ್ನ ತಾತನ ವಿಷಯ ಹೇಳಬೇಕು. ಅವರು ಹುಡುಗರಾಗಿದ್ದಾಗ ಗರಡಿ ಮನೆಗೆ ಹೋಗುತ್ತಿದ್ದರು. ಸೇರಿದ ಹೊಸದರಲ್ಲಿ ತಿಂಗಳುಗಟ್ಟಲೆ ಮಟ್ಟಿಯ, ಅಂದರೆ ಕುಸ್ತಿ ಕಣದ, ಕೆಮ್ಮಣ್ಣು ಅಗೆಯೋದೇ ಕೆಲಸ, ಕುಸ್ತಿ ಆಮೇಲೆ ಅನ್ನುತ್ತಿದ್ದರು. ನಾನದನ್ನು ಹೊಸಬರ ಮೇಲಿನ ದಬ್ಬಾಳಿಕೆ ಅಂದುಕೊಂಡಿದ್ದೆ. ಈಗ ಬೇರೆ ಥರ ಕಾಣಿಸುತ್ತದೆ. ಮಣ್ಣು ಅಗೆದರೆ ಮೈಯೂ ಗಟ್ಟಿಯಾಗುತ್ತದೆ, ಹೊಸ ಹುಡುಗ ಕೈಕಟ್ಟಿಕೊಂಡು ಮೂಲೆಯಲ್ಲಿ ನಿಲ್ಲುವ ಪ್ರಸಂಗವೂ ಬರಲ್ಲ. ಜಿಮ್‌ನಲ್ಲಿ ಯಾರೂ ನಮ್ಮ ಕೈಗೆ ಗುದ್ದಲಿ ಕೊಡಲ್ಲ. ನಾವೇ ಹುಡುಕಿಕೊಳ್ಳಬೇಕು.

ನನ್ನ ಗುದ್ದಲಿ ಒಂದು 200 ಪುಟದ ನೋಟ್‌ಬುಕ್. ಲೆಕ್ಕ ಬರೆಯುವವನಿಗೆ ಇನ್ನೇನು ಹೊಳೆಯುತ್ತದೆ? ಮನೆಯಲ್ಲೇ ತಾರೀಖು ಹಾಕಿ ಆ ದಿನದ ನಾಲ್ಕು ವ್ಯಾಯಾಮ, ಎಷ್ಟು ಕೆಜಿ, ಎಷ್ಟು ಸಲ ಅಂತ ಬರೆದುಕೊಂಡು ಹೋಗುತ್ತಿದ್ದೆ. ಜಿಮ್‌ಗೆ ಹೋಗಿ ಯೋಚನೆ ಮಾಡುವಂತಿಲ್ಲ. ಒಂದು ಸೆಟ್ ಮುಗಿದರೆ ಬರೆಯೋದು, ಸುಧಾರಿಸಿಕೊಳ್ಳೋದು, ಮುಂದಿನದು. ನಿಲ್ಲೋಕೆ ಜಾಗ ಇತ್ತು, ಕೈಗೆ ಪೆನ್ನಿತ್ತು, ಕನ್ನಡಿಯಲ್ಲಿ ಹೊಟ್ಟೆ ನೋಡಿಕೊಳ್ಳೋಕೆ ಪುರುಸೊತ್ತಿರಲಿಲ್ಲ. ನೀರಿನ ಹತ್ತಿರ ಹೋಗೋದು ತಾನಾಗಿಯೇ ಕಮ್ಮಿಯಾಯಿತು.

ಬಸ್ಕಿ ಶುರುವಾಗಿದ್ದು ಖಾಲಿ ರಾಡಿನಿಂದ, 20 ಕೆಜಿ. ಒಂದು ಸಲಕ್ಕೆ ಎರಡೂವರೆ ಕೆಜಿ ಹೆಚ್ಚಿಸೋದು. ಅಂದರೆ ಎರಡೂ ಕಡೆ 1.25ರ ಪ್ಲೇಟು, ದೊಡ್ಡ ಗಾತ್ರದ ನಿಪ್ಪಟ್ಟಿನ ಹಾಗಿರುತ್ತದೆ. ಅದನ್ನು ಹಾಕುವಾಗ ಮೊದಮೊದಲು ಸಂಕೋಚ ಆಗುತ್ತಿತ್ತು. ಒಂದು ದಿನ ಆ ದೊಡ್ಡ ಹುಡುಗ ಬೆಂಚ್‌ನಿಂದಲೇ ಕೂಗಿದ, ‘ಅಣ್ಣ, ಆ ಚಿಕ್ಕದು ಆದ್ಮೇಲೆ ಕೊಡಿ.’ 140 ಕೆಜಿ ಎತ್ತುವವನಿಗೂ 142.5ಕ್ಕೆ ಹೋಗಲು ಅದೇ ನಿಪ್ಪಟ್ಟು ಬೇಕು. ಇಡೀ ಜಿಮ್‌ನಲ್ಲಿ ಇದ್ದದ್ದು ಒಂದೇ ಜೋಡಿ.

ಜನ ಕಮ್ಮಿ ಇರುವ ಹೊತ್ತಿಗೆ ಹೋಗಿ ಅಂತ ಕೆಲವರು ಹೇಳುತ್ತಾರೆ. ರಾತ್ರಿ ಒಂಬತ್ತಕ್ಕೆ ಎರಡು ವಾರ ಹೋಗಿ ನೋಡಿದೆ. ಆರಾಮ ಏನೋ ಹೌದು. ಆದರೆ ನೋಡಿ ಕಲಿಯೋಕೆ ಒಬ್ಬರೂ ಇಲ್ಲ, ಸಪೋರ್ಟ್‌ಗೂ ಇಲ್ಲ. ಮತ್ತೆ ಸಂಜೆ ಏಳರ ಗದ್ದಲಕ್ಕೇ ಬಂದೆ. ಹೊಸ ಬಟ್ಟೆ ಕೊಂಡರೆ ಧೈರ್ಯ ಬರುತ್ತದೆ ಅನ್ನೋದೂ ನನ್ನ ಮಟ್ಟಿಗೆ ಸುಳ್ಳು. ಮೈಗಂಟುವ ಟೀ-ಶರ್ಟ್ ಒಂದೇ ದಿನಕ್ಕೆ ಮೂಲೆ ಸೇರಿತು, ಹಳೇ ಸಡಿಲ ಅಂಗಿಯೇ ವಾಸಿ. ಇನ್ನು ಬಿಟ್ಟಿ ಸಲಹೆ ಕೊಡುವವರು ಎಲ್ಲ ಕಡೆಯೂ ಒಬ್ಬರಿರುತ್ತಾರೆ. ನಮ್ಮಲ್ಲಿಯೂ ಇದ್ದಾರೆ, ಅವರೇ ನನಗಿಂತ ಕಮ್ಮಿ ಎತ್ತುತ್ತಾರೆ. ‘ಆಯ್ತು ಸಾರ್, ನೋಡ್ತೀನಿ’ ಅಂತ ನೋಟ್‌ಬುಕ್ ತೆರೆದರೆ ಸಾಕು.

ಆಗಸ್ಟ್‌ನಲ್ಲಿ ಎಚ್‌ಬಿಎ1ಸಿ 5.9 ಬಂತು. ತೂಕ ಇಳಿದಿದ್ದು ಮೂರೇ ಕೆಜಿ.

ಅಕ್ಟೋಬರ್‌ನಲ್ಲಿ ಆಯುಧ ಪೂಜೆ. ಬೆಳಿಗ್ಗೆ ಎಲ್ಲರೂ ಸೇರಿ ಜಿಮ್ ತೊಳೆದೆವು, ಬಾಗಿಲಿಗೆ ಬಾಳೆಕಂದು ಕಟ್ಟಿದೆವು. ಯಾರೋ ಡಂಬೆಲ್‌ಗಳನ್ನೆಲ್ಲ ತೆಗೆದು ಒರೆಸಿ ನೆಲದ ಮೇಲೆ ರಾಶಿ ಹಾಕಿಬಿಟ್ಟಿದ್ದರು. ಅರ್ಧದಕ್ಕೆ ಮೇಲಿನ ನಂಬರ್ ಅಳಿಸಿಹೋಗಿದೆ. ಓನರ್ ಅರಿಶಿನ ಕುಂಕುಮದ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ‘ಅಣ್ಣ, ಯಾವ್ದು ಯಾವ್ದಕ್ಕೆ ಜೋಡಿ ಅಂತ ನಿಮಗೇ ಗೊತ್ತು, ನೀವೇ ಜೋಡ್ಸಿ ಹಚ್ಬಿಡಿ’ ಅಂದರು. ಗೊತ್ತಿತ್ತು. ಒಂದು ಬದಿ ಸವೆದ ಹತ್ತರ ಜೋಡಿ ಯಾವುದು, ಹಿಡಿಕೆ ಅಲ್ಲಾಡುವ ಹನ್ನೆರಡೂವರೆ ಯಾವುದು, ಎಲ್ಲ ಗೊತ್ತಿತ್ತು. ಒಂದೊಂದನ್ನೇ ಜೋಡಿಸಿ ಕುಂಕುಮ ಇಟ್ಟೆ, ಕೊನೆಗೆ ಆ ಸ್ಕ್ವಾಟ್ ರಾಡಿಗೂ ಇಟ್ಟೆ.

ಸ್ವಲ್ಪ ಜಾಸ್ತಿಯೇ ಇಟ್ಟೆ ಅಂತ ಕಾಣುತ್ತದೆ. ಹಿಡಿತ ಸಿಗಲಿ ಅಂತ ರಾಡಿನ ಮೇಲೆ ಸಣ್ಣ ಗೀರುಗಳಿರುತ್ತವಲ್ಲ, ಅದರೊಳಗೆ ಹೋಗಿ ಕೂತುಬಿಟ್ಟಿತು. ಎರಡು ವಾರ ಯಾರು ಆ ರಾಡು ಹಿಡಿದರೂ ಅಂಗೈ ಕೆಂಪು. ನನ್ನ ನೋಟ್‌ಬುಕ್ಕಿನ ಆ ಪುಟಗಳ ಮೂಲೆಯಲ್ಲಿ ಇನ್ನೂ ಹೆಬ್ಬೆಟ್ಟಿನ ಗುರುತಿದೆ, 60 ಕೆಜಿ, ಐದೈದು ಸಲ, ಮೂರು ಸೆಟ್.