ಇಲಿಯ ತಲೆಬುರುಡೆಯಲ್ಲಿ ಐದು ಎಂಎಂ ತೂತು: ಮೂಳೆ ಬೆಳವಣಿಗೆ ಪರೀಕ್ಷೆಯ ನನ್ನ ಅನುಭವ

ದಾವಣಗೆರೆಯ ಡೆಂಟಲ್ ಪಿಜಿ ವಿದ್ಯಾರ್ಥಿಗಳು ಮೂಳೆಯ ಗಾಯಕ್ಕೆ ತುಂಬುವ ಹೊಸ ಗ್ರಾಫ್ಟ್ ಪುಡಿ ಹಿಡಿದು, ಅದು ಮೂಳೆ ಬೆಳೆಸುತ್ತದೆಯೇ ಎಂದು ಇಲಿಯಲ್ಲಿ ನೋಡಲು ಬಂದರೆ ಮೊದಲ ಪ್ರಶ್ನೆ ಒಂದೇ: "ಸರ್, ಎಂಟು ಎಂಎಂ ಮಾಡೋಣ್ವಾ, ಐದಾ?" ಎಂಟು ಎಂಎಂ ತೂತು ನಡುನೆತ್ತಿಯಲ್ಲಿ ಬರುತ್ತದೆ. ಅದರ ಕೆಳಗೇ ದೊಡ್ಡ ರಕ್ತನಾಳ, ಸ್ಯಾಜಿಟಲ್ ಸೈನಸ್. ನನ್ನ ಒಲವು ಎಡಬಲಕ್ಕೊಂದು ಐದು ಎಂಎಂ ತೂತಿನ ಕಡೆಗೇ. ಒಂದಕ್ಕೆ ಪುಡಿ, ಇನ್ನೊಂದು ಖಾಲಿ. ಇಲಿಗಳೂ ಕಡಿಮೆ ಸಾಕು, ನೈತಿಕ ಸಮಿತಿಯೂ ಅದನ್ನೇ ಕೇಳುತ್ತದೆ. ಆದರೆ ಪುಡಿಯಲ್ಲಿ ಬಿಎಂಪಿ-2 ಥರದ, ಮೂಳೆ ಬೆಳೆಸುವ, ಕರಗಿ ಹರಡುವ ಪ್ರೋಟೀನ್ ಇದ್ದರೆ ಅದು ಪಕ್ಕದ ತೂತಿಗೂ ತಲುಪಬಹುದು, ಆಗ ಬೇರೆ ಬೇರೆ ಇಲಿಗಳೇ ಬೇಕು.

ಪ್ರಾಣಿಯ ಜೀವಮಾನವಿಡೀ ತಾನಾಗಿ ಮೂಳೆ ತುಂಬಿಕೊಳ್ಳದ ಅತಿ ಚಿಕ್ಕ ಗಾಯವನ್ನು 'ಕ್ರಿಟಿಕಲ್ ಸೈಜ್' ಎಂದು 1986ರಲ್ಲಿ ಸಂಶೋಧಕರಾದ ಶ್ಮಿಟ್ಜ್ ಮತ್ತು ಹಾಲಿಂಜರ್ ಕರೆದರು. ಜೀವಮಾನವಿಡೀ ಯಾರೂ ಕಾಯುವುದಿಲ್ಲ, 8 ಅಥವಾ 12 ವಾರಕ್ಕೆ ನೋಡುತ್ತೇವೆ. ಹಾಗಾಗಿ ಹೋಲಿಕೆಗೆ ಪ್ರತಿ ಬ್ಯಾಚಿನಲ್ಲೂ ಖಾಲಿ ತೂತು ಇರಲೇಬೇಕು. ಎಳೆ ಇಲಿಯಲ್ಲಿ ಖಾಲಿ ತೂತೂ ಬೇಗ ತುಂಬುತ್ತದೆ. 12 ವಾರ ದಾಟಿದ, 300 ಗ್ರಾಂ ಆಸುಪಾಸಿನ ವಿಸ್ಟಾರ್ ಎಂಬ ಲ್ಯಾಬ್ ತಳಿಯ ಗಂಡಿಲಿಗಳನ್ನೇ ಆರಿಸುತ್ತೇವೆ.

ಅರಿವಳಿಕೆಗೆ ಕಿಲೋಗೆ ಕೆಟಮಿನ್ 80 ಮಿಗ್ರಾಂ, ಝೈಲಜಿನ್ 10 ಮಿಗ್ರಾಂ, ಹೊಟ್ಟೆಯೊಳಗೆ ಚುಚ್ಚಿ. 300 ಗ್ರಾಂ ಇಲಿಗೆ ಎಂಎಲ್‌ಗೆ 50 ಮಿಗ್ರಾಂ ಬಲದ ಕೆಟಮಿನ್ 0.48 ಎಂಎಲ್, 20ರ ಝೈಲಜಿನ್ 0.15 ಎಂಎಲ್. ನೋವಿಗೆ ಕೊಯ್ಯುವ ಮೊದಲೇ ಬ್ಯುಪ್ರಿನಾರ್ಫಿನ್, ಕಿಲೋಗೆ 0.05 ಮಿಗ್ರಾಂ. ಮೆಲಾಕ್ಸಿಕಾಂ ಗುಂಪಿನ ನೋವಿನ ಔಷಧ ದಿನಗಟ್ಟಲೆ ಕೊಟ್ಟರೆ ಮೂಳೆ ಕೂಡುವುದನ್ನೇ ನಿಧಾನಿಸಬಹುದು. ಕಣ್ಣಿಗೆ ಮುಲಾಮು ಹಚ್ಚಬೇಕು. ಏಪ್ರಿಲ್ ಬಿಸಿಲಲ್ಲಿ ಹೀಟಿಂಗ್ ಪ್ಯಾಡ್ ಯಾಕೆ ಅನ್ನುವವರಿದ್ದಾರೆ. ಹೊರಗೆ ಎಷ್ಟೇ ಧಗೆಯಿರಲಿ, ಎಸಿ ಕೋಣೆಯಲ್ಲಿ ಮಲಗಿದ ಇಲಿ ಬೇಗ ತಣ್ಣಗಾಗುತ್ತದೆ. 37 ಡಿಗ್ರಿ ಪ್ಯಾಡ್ ಬೇಕೇ ಬೇಕು.

ಮೂಳೆಯನ್ನು ದುಂಡಗೆ ಕೊರೆಯುವ ಟೊಳ್ಳು ಬೈರಿಗೆ, ಟ್ರೆಫೈನ್ ಬರ್, ಕೊಳ್ಳುವಾಗ ಡಬ್ಬಿಯ ಮೇಲಿನ ಅಳತೆ ಒಳವ್ಯಾಸವೋ ಹೊರವ್ಯಾಸವೋ ನೋಡಿ. ಮೂಳೆಯಲ್ಲಿ ಉಳಿಯುವ ತೂತು ಹೊರವ್ಯಾಸದ್ದು. ಒಳಗೆ 5 ಇದ್ದರೆ ಹೊರಗೆ 6 ಆಗಬಹುದು, ಆಗ ಎರಡು ತೂತಿನ ನಡುವೆ ಜಾಗವೇ ಸಾಲದು. ವೇಗ 1,500 ಆರ್‌ಪಿಎಂ ದಾಟದಿರಲಿ, ಸಲೈನ್ ನಿಲ್ಲದೆ ಬೀಳುತ್ತಿರಲಿ. ಸುಟ್ಟ ಅಂಚಿನಿಂದ ಹೊಸ ಮೂಳೆ ಹೊರಡುವುದಿಲ್ಲ.

ಬರ್ ಅನ್ನು ಮೇಜಿಗೆ ನೇರವಾಗಿ ಹಿಡಿಯಬಾರದು. ಬುರುಡೆ ನಡುವೆ ಎತ್ತರ, ಪಕ್ಕಕ್ಕೆ ಇಳಿಜಾರು. ನೇರ ಹಿಡಿದರೆ ನಡುಗೆರೆಯ ಕಡೆಯ ಅಂಚು ಮೊದಲು ತೂರಿ ಸೈನಸ್ಸಿಗೆ ತಗುಲುತ್ತದೆ, ಹೊರ ಅಂಚು ಇನ್ನೂ ಅರ್ಧ ಉಳಿದಿರುತ್ತದೆ. ಇಳಿಜಾರಿಗೆ ಲಂಬವಾಗುವಂತೆ ವಾಲಿಸಿ. ಮಧ್ಯೆ ಮಧ್ಯೆ ನಿಲ್ಲಿಸಿ ಕೊರೆದ ಮೂಳೆಯ ಬಿಲ್ಲೆಯನ್ನು ಮೆಲ್ಲಗೆ ಒತ್ತಿ. ಅಲುಗಿತೆಂದರೆ ಬರ್ ಕೆಳಗಿಟ್ಟು ಎಲಿವೇಟರ್ ಎಂಬ ತೆಳು ಮೀಟುಗೋಲಿನಿಂದ ಎತ್ತಿ. ಮೊಟ್ಟೆಯ ಸಿಪ್ಪೆ ಬಿಡಿಸಿ ಒಳಪೊರೆ ಉಳಿಸಿದ ಹಾಗೆ ಕೆಳಗಿನ ಡ್ಯೂರಾ, ಅಂದರೆ ಮಿದುಳಿನ ಹೊದಿಕೆ ಪೊರೆ, ಹರಿಯದೆ ಉಳಿಯಬೇಕು, ಮೂಳೆ ಕಟ್ಟುವ ಕೋಶಗಳು ಅಲ್ಲಿಂದಲೂ ಬರುತ್ತವೆ. ಹರಿದ ಇಲಿಯನ್ನು ಲೆಕ್ಕದಿಂದ ಬಿಡುವ ನಿಯಮವನ್ನು ಮೊದಲೇ ಬರೆದಿಡಿ. ರಕ್ತ ಜಿನುಗಿದರೆ ಗಾಜ್ ಒತ್ತಿದರೆ ಸಾಕು. ಮೂಳೆಯ ರಕ್ತ ನಿಲ್ಲಿಸುವ ಮೇಣ, ಬೋನ್ ವ್ಯಾಕ್ಸ್, ಹಚ್ಚಲೇಬಾರದು, ಅದು ಮೂಳೆ ಬೆಳೆಯಲು ಬಿಡುವುದಿಲ್ಲ.

ದವಡೆಯ ಪ್ರಶ್ನೆಗೆ ಬುರುಡೆಯ ಉತ್ತರ ಪೂರ್ತಿ ಸಾಲದು, ಅಲ್ಲಿ ಜಗಿಯುವ ಭಾರವಿಲ್ಲ. ಕೆಳದವಡೆಯಲ್ಲೇ ಮಾಡುವುದಾದರೆ ಹಿಂಬದಿಯ ಕೋನದಲ್ಲಿ ಕೊರೆಯಿರಿ. ಮುಂದೆ ಸರಿದರೆ ಸದಾ ಬೆಳೆಯುವ ಬಾಚಿಹಲ್ಲಿನ ಬುಡ ಸಿಗುತ್ತದೆ.

ಮಾದರಿಯನ್ನು 10% ಫಾರ್ಮಲಿನ್‌ನಲ್ಲಿ 48 ಗಂಟೆ ಇಟ್ಟು ಮೈಕ್ರೋ ಸಿಟಿ (ಸೂಕ್ಷ್ಮ ಎಕ್ಸ್‌ರೇ ಸ್ಕ್ಯಾನ್) ಮಾಡಿಸಿ, ಆಮೇಲೆ ಮೂಳೆಯ ಕ್ಯಾಲ್ಸಿಯಂ ತೆಗೆದು ಮೆತ್ತಗಾಗಿಸುವ 10% ಇಡಿಟಿಎಯಲ್ಲಿ ಕೆಲವು ವಾರ ಇಡಿ. ಪುಡಿಯಾಗಿ ಹೈಡ್ರಾಕ್ಸಿಅಪಟೈಟ್ (ಮೂಳೆಯಲ್ಲಿರುವ ಖನಿಜ) ಹಾಕಿದ್ದರೆ ಸಿಟಿಯಲ್ಲಿ ಬೆಳ್ಳಗೆ ಕಂಡದ್ದೆಲ್ಲ ಹೊಸ ಮೂಳೆಯಲ್ಲ, ಉಳಿದ ಹರಳೂ ಹಾಗೆಯೇ ಕಾಣುತ್ತದೆ. ಸೂಕ್ಷ್ಮದರ್ಶಕದಲ್ಲಿ ಸ್ಲೈಡ್ ನೋಡದೆ ಹೊಸ ಮೂಳೆಯ ಶೇಕಡಾವಾರು ಬರೆಯಬಾರದು. ಸ್ಲೈಡೂ ತೂತಿನ ಸರಿಮಧ್ಯದ್ದಾಗಬೇಕು. 1.5 ಎಂಎಂ ಪಕ್ಕಕ್ಕೆ ಕತ್ತರಿಸಿದರೆ 5 ಎಂಎಂ ತೂತು 4 ಎಂಎಂ ಆಗಿ ಕಾಣುತ್ತದೆ. ಏನೂ ಬೆಳೆಯದಿದ್ದರೂ ಐದರಲ್ಲೊಂದು ಪಾಲು ಮುಚ್ಚಿದ ಲೆಕ್ಕ. ಅದಕ್ಕೇ ಮಾದರಿಯನ್ನು ಮೇಣದ ಬ್ಲಾಕ್ ಮಾಡುವ ಮುನ್ನ ಮಧ್ಯಕ್ಕೆ ಇಂಕ್ ಗುರುತು ಹಾಕಿ, ಅಲ್ಲಿಗೇ ಎರಡು ಹೋಳು ಮಾಡುತ್ತೇವೆ.