ಗುಲಾಬಿ ಬುಡಕ್ಕೆ ಗಂಟು ಕಟ್ಟದಂತೆ ನೋಡಿಕೊಳ್ಳುವುದು ಹೇಗೆ?

ಕುಂಡ ಬದಲಿಸಲು ಗುಲಾಬಿ ಗಿಡ ಕಿತ್ತಾಗ, ಬೇರು ಮತ್ತು ಕಾಂಡ ಕೂಡುವಲ್ಲಿ ಒರಟು ಗಂಟು ಕಂಡರೆ ಅದು ಬುಡಗಂಟು ರೋಗವಿರಬಹುದು. ಎಳೆಯ ಗಂಟು ಬಿಳಿಚಿಕೊಂಡು ಮೆತ್ತಗಿರುತ್ತದೆ. ಬಲಿತ ಮೇಲೆ ಕಂದಾಗಿ ಬಿರುಕು ಬಿಡುತ್ತದೆ. ಅಗ್ರೋಬ್ಯಾಕ್ಟೀರಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯಾ ಇದಕ್ಕೆ ಕಾರಣವೆಂದು ಅಮೆರಿಕದ ಎರ್ವಿನ್ ಸ್ಮಿತ್ ಮತ್ತು ಟೌನ್‌ಸೆಂಡ್ 1907ರಲ್ಲಿ ತೋರಿಸಿದರು.

ತಡೆಯುವ ಮುನ್ನ ಈ ಬ್ಯಾಕ್ಟೀರಿಯಾವನ್ನು ಕರೆಯುವವರು ಯಾರೆಂದು ತಿಳಿಯಬೇಕು. ಕರೆಯುವುದು ಗಿಡವೇ! ತೊಗಟೆ ಸೀಳಿದ ಕಡೆ ಅಸಿಟೋಸಿರಿಂಗೋನ್‌ನಂಥ ಫಿನಾಲಿಕ್ ರಾಸಾಯನಿಕಗಳು ಜಿನುಗುತ್ತವೆ. 1985ರಲ್ಲಿ ತಂಬಾಕಿನ ಮೇಲೆ ಪ್ರಯೋಗ ಮಾಡಿ ವಿಜ್ಞಾನಿಗಳು ಈ ಸುಳಿವು ಹಿಡಿದರು. ಬ್ಯಾಕ್ಟೀರಿಯಾದ ಪೊರೆಯಲ್ಲಿರುವ ವಿರ್-ಎ ಪ್ರೋಟೀನು ಈ ರಸವನ್ನು ಗುರುತಿಸಿ ವಿರ್-ಜಿ ಎಂಬ ಇನ್ನೊಂದು ಪ್ರೋಟೀನಿಗೆ ಫಾಸ್ಫೇಟ್ ಎಂಬ ರಾಸಾಯನಿಕ ತುಣುಕನ್ನು ದಾಟಿಸಿ ಸುದ್ದಿ ಮುಟ್ಟಿಸುತ್ತದೆ. ಅಲ್ಲಿಯವರೆಗೆ ಸುಮ್ಮನಿದ್ದ ರೋಗಕಾರಕ ವಂಶವಾಹಿಗಳು ಆಗ ಎಚ್ಚರಗೊಳ್ಳುತ್ತವೆ. ಗಾಯದ ಹುಳಿ ಮತ್ತು ಸಕ್ಕರೆ ಈ ಕರೆಯನ್ನು ಇನ್ನೂ ಜೋರು ಮಾಡುತ್ತವೆ. ಕೊನೆಗೆ ಬ್ಯಾಕ್ಟೀರಿಯಾ ತನ್ನ ಡಿಎನ್‌ಎ ತುಣುಕೊಂದನ್ನು ಗಿಡದ ಕೋಶದೊಳಗೆ ಸೇರಿಸುತ್ತದೆ. ಕೋಶಗಳು ಹತೋಟಿ ತಪ್ಪಿ ಬೆಳೆಯುತ್ತವೆ.

ಹಾಗಾಗಿ ನಮ್ಮ ಕೆಲಸವೆಲ್ಲ ಗಾಯದ ಸುತ್ತಲೇ. ನರ್ಸರಿಯಲ್ಲಿ ಗಿಡ ಕೊಳ್ಳುವಾಗ ಬುಡದ ಮಣ್ಣು ಸ್ವಲ್ಪ ಸರಿಸಿ, ಕಸಿಯ ಕೂಡು ಜಾಗವನ್ನು ಬೆರಳಿನಿಂದ ತಡವಿ ನೋಡಿ. ಬಟಾಣಿಯಷ್ಟು ಗಂಟು ಸಿಕ್ಕರೂ ಬೇಡ.

ಕಸಿ ಚಾಕು, ಕತ್ತರಿಗಳನ್ನು ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಪ್ರತಿ ಸಲವೂ ಸ್ಪಿರಿಟ್ಟಿನಲ್ಲಿ ಒರೆಸಿ. ಬುಡದ ಕಳೆಯನ್ನು ಗುದ್ದಲಿಯಿಂದ ಕೆರೆಯದೆ ಕೈಯಲ್ಲೇ ಕೀಳಿ. ಗಾಯ ಹಸಿಯಾಗಿದ್ದಷ್ಟು ಹೊತ್ತು ಅಪಾಯ ಹೆಚ್ಚು. ಕತ್ತರಿಸಿದ ಕೂಡಲೇ ಮಣ್ಣು ಮೆತ್ತಬೇಡಿ.

ಗಂಟನ್ನು ಕೆತ್ತಿ ತೆಗೆದರೆ ಸಾಕೆಂದು ನಾನೂ ಒಮ್ಮೆ ನಂಬಿದ್ದೆ. ಅದು ಮತ್ತೆ ಬೆಳೆಯಿತು. ಆ ಡಿಎನ್‌ಎ ಗಿಡದ ಕೋಶಗಳಲ್ಲೇ ಸೇರಿಹೋಗಿರುವುದರಿಂದ, ಬ್ಯಾಕ್ಟೀರಿಯಾ ಇಲ್ಲದಿದ್ದರೂ ಗಂಟು ಬೆಳೆಯುತ್ತಲೇ ಇರುತ್ತದೆ. ರೋಗದ ಗಿಡವನ್ನು ಬೇರುಸಮೇತ ಕಿತ್ತು ಸುಡಿ. ಬ್ಯಾಕ್ಟೀರಿಯಾ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು. ಆ ಕುಂಡದ ಮಣ್ಣನ್ನು ತೋಟಕ್ಕೆ ಸುರಿಯಬೇಡಿ. ನೆಲದಲ್ಲಿ ಬೆಳೆದಿದ್ದರೆ ಅದೇ ಜಾಗಕ್ಕೆ ಮತ್ತೆ ಗುಲಾಬಿ ಬೇಡ. ಕೆಲವು ವರ್ಷ ಜೋಳವನ್ನೋ ರಾಗಿಯನ್ನೋ ಬಿತ್ತಿ. ಈ ಹುಲ್ಲಿನ ಜಾತಿಯ ಬೆಳೆಗಳಿಗೆ ಬುಡಗಂಟು ಸಹಜವಾಗಿ ತಗಲುವುದಿಲ್ಲ.