ಮರದ ಬುಡಕ್ಕೆ ಕಿವಿಗೊಟ್ಟು

2021ರ ಮೇ 17ರಂದು ತೌಕ್ತೆ ಚಂಡಮಾರುತ ಮುಂಬಯಿಯನ್ನು ಅಲುಗಾಡಿಸಿ ಹೋಯಿತು. ಮರುದಿನ ಬೆಳಿಗ್ಗೆ ನೋಡಿದರೆ ಮುಲುಂಡ್ ಪೂರ್ವದ ನಮ್ಮ ಓಣಿಯಲ್ಲಿ ಎರಡು ಮರ ಅಡ್ಡಬಿದ್ದಿದ್ದವು. ಒಂದರಡಿಯಲ್ಲಿ ಯಾರದೋ ಕಾರು. ಹಿಂದಿನ ದಿನದವರೆಗೆ ಎರಡೂ ಹಚ್ಚಗೆ ಚಿಗುರಿಕೊಂಡಿದ್ದ ಮರಗಳೇ. ಅದೇ ವಾರ ನಮ್ಮ ಸೊಸೈಟಿ ಮೀಟಿಂಗಿನಲ್ಲಿ ಗೇಟಿನ ಪಕ್ಕದ ದೊಡ್ಡ ಮಳೆಮರ ಕಡಿಸುವ ಮಾತು ಬಂತು. ಅದರಲ್ಲೊಂದು ಪೊಟರೆಯಿದೆ. ಪೊಟರೆ ಇರುವ ಮರ ಬಿದ್ದೇ ಬೀಳುತ್ತದೆ ಎಂದು ಎಲ್ಲರ ಲೆಕ್ಕ. ಹಿತ್ತಿಲ ಗುಲ್‌ಮೊಹರ್ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ಅದು ಆಗ ಮೈತುಂಬ ಕೆಂಪು ಹೂ ಹೊತ್ತು ನಿಂತಿತ್ತು.

ನಾನು ಶಿರಸಿ ಕಡೆಯವಳು, ಸಸ್ಯಶಾಸ್ತ್ರ ಓದಿದವಳು. ಅಜ್ಜ ಮರವನ್ನು ಕೊಡಲಿಯ ಕಾವಿನಿಂದ ಬಡಿದು, ಕಿವಿಯಿಟ್ಟು ಕೇಳುತ್ತಿದ್ದುದನ್ನು ನೋಡಿ ಬೆಳೆದವಳು. ಕಡಿಸುವ ಮೊದಲು ಹನ್ನೊಂದೂ ಮರ ಪರೀಕ್ಷೆ ಮಾಡೋಣ, ಆ ಕೆಲಸ ನನಗಿರಲಿ ಎಂದೆ. ಮಳೆಗಾಲ ಮುಗಿದ ಮೇಲೆ ಅಕ್ಟೋಬರಿನಲ್ಲಿ ಒಂದು ಸುತ್ತು, ಎಲೆ ಉದುರುವ ಫೆಬ್ರುವರಿ–ಮಾರ್ಚಿನಲ್ಲಿ ಇನ್ನೊಂದು. ಅಣಬೆ ಮಳೆಯ ನಂತರ ಕಾಣುತ್ತದೆ, ಒಣಕೊಂಬೆ ಎಲೆಯಿಲ್ಲದಾಗ ಕಾಣುತ್ತದೆ. ಒಂದೇ ಸುತ್ತಿನಲ್ಲಿ ಎರಡೂ ಸಿಗುವುದಿಲ್ಲ.

ಸಲಕರಣೆ ಹೆಚ್ಚೇನಿಲ್ಲ: ಟೈಲರ್ ಟೇಪು, ಮರದ ಕೊಡತಿ, ಉದ್ದನೆಯ ಸ್ಕ್ರೂಡ್ರೈವರ್, ದುರ್ಬೀನು, ದಾರಕ್ಕೆ ಕಟ್ಟಿದ ತೂಕದ ಗುಂಡು, ನೋಟ್‌ಬುಕ್ಕು.

ಮರ ನೋಡು ಎಂದರೆ ಎಲ್ಲರೂ ತಲೆಯೆತ್ತುತ್ತಾರೆ. ನಾನು ಕುಕ್ಕರುಗಾಲಲ್ಲಿ ಕೂತು ಬುಡದಿಂದ ಶುರುಮಾಡಿದೆ. ನೀರು ಎಲೆಗೆ ಏರುವುದು ತೊಗಟೆಯೊಳಗಿನ ಹೊರಪದರದ ಮರದಲ್ಲಿ. ಒಳಗಿನ ಚೇಗನ್ನು ಶಿಲೀಂಧ್ರ ತಿಂದರೂ ಹೊರಪದರ ಜೀವಂತವಿರುವ ತನಕ ಮರ ಚಿಗುರುತ್ತದೆ, ಹೂ ಬಿಡುತ್ತದೆ. ಹಸಿರೆಲೆ ಮರದ ಜೀವಕ್ಕೆ ಸಾಕ್ಷಿ, ಬಲಕ್ಕಲ್ಲ. ಇದನ್ನು ನೆರೆಹೊರೆಯವರಿಗೆ ಮನವರಿಕೆ ಮಾಡಿಸುವುದೇ ಎಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತು.

ಮಳೆಮರದ ಸುತ್ತಳತೆ ಎದೆಮಟ್ಟದಲ್ಲಿ 290 ಸೆಂ.ಮೀ. ಅಂದರೆ ಅಡ್ಡಳತೆ ಸುಮಾರು 92, ಅರ್ಧಕ್ಕೆ 46. ಪೊಟರೆ ಆಳೆತ್ತರಕ್ಕಿಂತ ಸ್ವಲ್ಪ ಮೇಲೆ, ಹಳೆಯ ಕೊಂಬೆ ಮುರಿದ ಜಾಗದಲ್ಲಿತ್ತು, ಬಾಯಿ ಅಂಗೈಯಗಲ. ಗಿಳಿಗಳು ಗೂಡು ಬಿಟ್ಟ ಹೊತ್ತು ನೋಡಿ, ಏಣಿ ಹಾಕಿ ಒಳಗೆ ಕೋಲಿಳಿಸಿ ಅಳೆದೆ. ಗಟ್ಟಿ ಮರದ ಗೋಡೆ ಎಲ್ಲೂ 19 ಸೆಂ.ಮೀ.ಗೆ ಕಡಿಮೆಯಿರಲಿಲ್ಲ. ಮರ ಪರೀಕ್ಷಿಸುವವರು ಬಳಸುವ ಒಂದು ಒರಟು ಅಳತೆಯಿದೆ: ಉಳಿದ ಗೋಡೆ, ಕಾಂಡದ ಕೇಂದ್ರದಿಂದ ಅಂಚಿನವರೆಗಿನ ಅಳತೆಯ ಮೂರನೇ ಒಂದು ಭಾಗಕ್ಕಿಂತ ತೆಳುವಾದರೆ ಎಚ್ಚರ. ಇಲ್ಲಿ ಆ ಗಡಿ 15ರ ಹತ್ತಿರ. ಪೊಟರೆಯ ಬಾಯಿ ದೊಡ್ಡದಿದ್ದರೆ ಈ ಲೆಕ್ಕವನ್ನು ನೆಚ್ಚಬಾರದು, ನಮ್ಮದರದ್ದು ಚಿಕ್ಕದು. ಕೊಡತಿಯಿಂದ ಬುಡದ ಸುತ್ತ ಗೇಣಿಗೊಮ್ಮೆ ತಟ್ಟುತ್ತ ಬಂದೆ. ಬುಡದಲ್ಲೆಲ್ಲ ಘನವಾದ ಸದ್ದು, ಎಲ್ಲೂ ಟೊಳ್ಳು ಸದ್ದಿಲ್ಲ. ಹಲಸು ತಟ್ಟಿ ನೋಡಿ ಗೊತ್ತಿದ್ದವರಿಗೆ ಈ ವ್ಯತ್ಯಾಸ ಹೇಳಿಕೊಡಬೇಕಿಲ್ಲ. ಕಳೆದ ದಶಕದಲ್ಲಿ ಮುಂಬಯಿಯ ಎಷ್ಟೋ ಮಳೆಮರಗಳನ್ನು ಒಣಗಿಸಿದ ಹಿಟ್ಟು ತಿಗಣೆಯ ಬಿಳಿ ಅರಳೆ ಇದೆಯೇ ಎಂದು ದುರ್ಬೀನಿನಲ್ಲಿ ಟೊಂಗೆ ಟೊಂಗೆ ಹುಡುಕಿದೆ. ಇರಲಿಲ್ಲ. ಇದ್ದದ್ದು ಮೂರು ಒಣಕೊಂಬೆ, ಮತ್ತೆ ಕಾಂಡದ ಕುತ್ತಿಗೆವರೆಗೂ ಬಂದಿದ್ದ ಕಾಂಕ್ರೀಟು.

ಗುಲ್‌ಮೊಹರಿನ ಬುಡದಲ್ಲಿ ಕೂತಾಗ ಎದೆ ಧಸಕ್ಕೆಂದಿತು. ಗೋಡೆಯ ಕಡೆಯ ಬೇರಿನ ಮೇಲೆ ಕಂದುಬಣ್ಣದ, ಅಂಚು ಬೆಳ್ಳಗಿರುವ ಗಟ್ಟಿ ಅಣಬೆಗಳು ತಟ್ಟೆಯಂತೆ ಮೂಡಿದ್ದವು. ಗ್ಯಾನೋಡರ್ಮಾ, ಬೇರು ಮತ್ತು ಬುಡ ಕೊಳೆಸುವ ಶಿಲೀಂಧ್ರ. ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯವರೆಗೂ ಇಳಿಯಿತು. ಮರ ವಾಲಿದ್ದು ಪಾರ್ಕಿಂಗಿನ ಕಡೆಗೆ, ಪಕ್ಕದಲ್ಲೇ ವಾಚ್‌ಮನ್ ಕೋಣೆ. ವಾಲಿದ ಬದಿಯ ಎದುರು ಪೇವರ್ ಬ್ಲಾಕು ಎದ್ದು ನೆಲ ಬಿರುಕು ಬಿಟ್ಟಿತ್ತು. ಅಂದರೆ ಮರವನ್ನು ಹಿಂದಕ್ಕೆಳೆದು ಹಿಡಿಯಬೇಕಾದ ಬೇರುಗಳೇ ಕೈಬಿಡುತ್ತಿವೆ. ಎರಡು ವರ್ಷದ ಹಿಂದೆ ಚರಂಡಿ ಪೈಪಿಗೆಂದು ಆ ಬದಿಯಲ್ಲೇ ಗುಂಡಿ ತೋಡಿ ಬೇರು ಕತ್ತರಿಸಿದ್ದು ಆಗ ನೆನಪಾಯಿತು. ಆ ನಿರ್ಧಾರಕ್ಕೆ ನಾನೂ ಕೈಯೆತ್ತಿದ್ದೆ. ಹುಟ್ಟಾ ವಾಲಿದ ಮರ ತುದಿಯಲ್ಲಿ ಮತ್ತೆ ನೆಟ್ಟಗಾಗಿ ಬೆಳೆದಿರುತ್ತದೆ. ಇದು ತುದಿಯವರೆಗೂ ಓರೆಯಾಗಿತ್ತು.

ರೋಗವಿದೆ ಎಂದಷ್ಟಕ್ಕೇ ಮರ ಅಪಾಯಕಾರಿಯಾಗುವುದಿಲ್ಲ. ಬಿದ್ದರೆ ಯಾರ ಮೇಲೆ, ಅಲ್ಲಿ ಎಷ್ಟು ಹೊತ್ತು ಜನ ಇರುತ್ತಾರೆ ಎಂಬುದನ್ನೂ ಕೂಡಿಸಿ ನೋಡಬೇಕು. ಖಾಲಿ ಮೂಲೆಯಲ್ಲಿದ್ದರೆ ಆ ಗುಲ್‌ಮೊಹರನ್ನು ಎತ್ತರ ತಗ್ಗಿಸಿ ಉಳಿಸಿಕೊಳ್ಳುತ್ತಿದ್ದೆನೇನೋ. ವಾಚ್‌ಮನ್ ರಾತ್ರಿ ಮಲಗುವ ಜಾಗದ ಪಕ್ಕದಲ್ಲಿ ಆ ಧೈರ್ಯ ಮಾಡಲಾರೆ. ಅವರ ಕೋಣೆಯನ್ನು ಅದೇ ವಾರ ಗೇಟಿನ ಬಳಿಗೆ ಸರಿಸಿದೆವು.

ನಮ್ಮ ಜಾಗದ ಮರವಾದರೂ ನಾವಾಗಿಯೇ ಕಡಿಯುವಂತಿಲ್ಲ. ನಗರ ಪ್ರದೇಶದ ಮರಗಳ ರಕ್ಷಣೆಗೆ ಮಹಾರಾಷ್ಟ್ರದಲ್ಲಿ 1975ರ ಕಾಯ್ದೆಯಿದೆ. ಪಾಲಿಕೆಯ ಉದ್ಯಾನ ವಿಭಾಗಕ್ಕೆ ನಮ್ಮ ಭಾಗದ ಟಿ ವಾರ್ಡ್ ಆಫೀಸಿನಲ್ಲಿ ಅರ್ಜಿ ಕೊಟ್ಟೆವು. ಅಣಬೆ, ಬಿರುಕು, ಓರೆ ಮೂರರ ಫೋಟೋ, ಅಳತೆ, ನಕ್ಷೆ ಲಗತ್ತಿಸಿದ್ದರಿಂದ ನೋಡಲು ಬಂದ ಅಧಿಕಾರಿಯ ಜತೆ ಮಾತು ಹತ್ತು ನಿಮಿಷದಲ್ಲಿ ಮುಗಿಯಿತು. ಉರುಳಿಸಿದಾಗ ಆ ಬದಿಯ ಬೇರುಗಳು ನೆನೆದ ರೊಟ್ಟಿಯಂತೆ ಕೈಯಲ್ಲಿ ಪುಡಿಯಾದವು.

ಮಳೆಮರದ ಒಣಕೊಂಬೆ ತೆಗೆಸುವಾಗ ಇಡೀ ದಿನ ಕೆಳಗೇ ನಿಂತಿದ್ದೆ. 2018ರಲ್ಲಿ ಒಬ್ಬ ಗುತ್ತಿಗೆದಾರ ನಮ್ಮ ಹಳದಿ ಹೂವಿನ ಸೋನ್‌ಮೊಹರ್ ಮರದ ತಲೆ ಬೋಳಿಸಿ ಹೋಗಿದ್ದ. ಹಾಗೆ ಕಡಿದ ಮೋಟಿನಿಂದ ಹೊರಡುವ ಚಿಗುರುಗಳು ಹೊರಪದರಕ್ಕಷ್ಟೇ ಅಂಟಿಕೊಂಡಿರುತ್ತವೆ. ಮೂರೇ ವರ್ಷಕ್ಕೆ ತೋಳಿನ ದಪ್ಪವಾಗಿ, ಒಂದು ಕಿತ್ತು ಬಿದ್ದೂ ಬಿಟ್ಟಿತ್ತು. ಈ ಸಲ ಕೊಂಬೆಯ ಬುಡದ ಉಬ್ಬಿದ ಉಂಗುರಕ್ಕೆ ಗಾಯ ಮಾಡದೆ, ಅದರ ಹೊರಗೇ, ಮೋಟು ಉಳಿಯದಂತೆ ಕೊಯ್ಯಿಸಿದೆ. ಭಾರದ ಕೊಂಬೆಗೆ ಮೊದಲು ಕೆಳಗಿನಿಂದ ಗಾಯ ಹಾಕಿಸಿದೆ, ತೊಗಟೆ ಸಿಗಿದು ಬರಬಾರದಲ್ಲ. ಕೊಯ್ದ ಗಾಯಕ್ಕೆ ಡಾಂಬರು ಬಳಿಯಲು ಬಿಡಲಿಲ್ಲ. ಬುಡದ ಕಾಂಕ್ರೀಟನ್ನು ಸುತ್ತ ಒಂದು ಮೀಟರು, ಹಾರೆಯಿಂದ ಮೆಲ್ಲಗೆ ಒಡೆಸಿದೆವು. ಕಾಂಡದ ಅಡ್ಡಳತೆಯ ಹನ್ನೆರಡು ಪಟ್ಟು ದೂರದವರೆಗಿನ ನೆಲವನ್ನು ಬೇರಿಗೆ ಬಿಡಬೇಕು ಎನ್ನುತ್ತಾರೆ. ಆ ಲೆಕ್ಕಕ್ಕೆ 11 ಮೀಟರು ಬೇಕು, ನಮ್ಮ ಕಾಂಪೌಂಡು ನಾಲ್ಕಕ್ಕೇ ಮುಗಿಯುತ್ತದೆ. ಆದಷ್ಟು ಮಾಡಿದೆವು.

ಉಳಿದ ಒಂಬತ್ತರಲ್ಲಿ ತೆಂಗಿನವಕ್ಕೆ ಕಾಯಿ ಇಳಿಸುವ ವೇಳಾಪಟ್ಟಿ ಮಾಡಿದ್ದು ಬಿಟ್ಟರೆ ಹೇಳುವಂಥದ್ದಿಲ್ಲ. ಸೋನ್‌ಮೊಹರ್ ಮಾತ್ರ ಮನಸ್ಸಿಗೆ ಸಮಾಧಾನ ಕೊಟ್ಟಿಲ್ಲ. ಅದರ ಬುಡದ ಪೇವರ್ ಬಿರುಕಿನ ಎರಡೂ ಬದಿಗೆ ಬಣ್ಣದ ಚುಕ್ಕೆಯಿಟ್ಟು ಜೂನಿಗೊಮ್ಮೆ, ಅಕ್ಟೋಬರಿಗೊಮ್ಮೆ ಅಳೆಯುತ್ತಿದ್ದೇನೆ. ಅದೇ ಜಾಗದಲ್ಲಿ ನಿಂತು, ತೂಕದ ದಾರ ಹಿಡಿದು ಫೋಟೋ ತೆಗೆಯುತ್ತೇನೆ. ಕಳೆದ ಅಳತೆಗಿಂತ ಈ ಸಲ 4 ಮಿ.ಮೀ. ಹೆಚ್ಚಿದೆ. ಹೊಸ ಅರ್ಜಿ ಬರೆದಿಟ್ಟಿದ್ದೇನೆ, ಸೋಮವಾರ ವಾರ್ಡ್ ಆಫೀಸಿಗೆ ಹೋಗಬೇಕು.